ಬಣ್ಣ ಕುಡಿದವರ ವಾರ್ಡು

ಬಸವೇಶ್ವರನಗರ
ಬುಧವಾರ

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ ನಮಸ್ಕಾರ.

ಈ ಕಥೆಯನ್ನು ಮೊದಲು ಹೇಳಿದವರು ನಿಮ್ಮ ಹೆಂಗಸರ ವಾರ್ಡಿನ ಮುತ್ತವ್ವ, ಮೊನ್ನೆ ಸೋಮವಾರ ಸಂಜೆ, ರೋಗಿಗಳನ್ನು ನೋಡಲು ಬಂದ ನಮ್ಮೆಲ್ಲರ ಎದುರಿಗೆ.

ಮಿದುಳಿನ ಗೆಡ್ಡೆ ತೆಗೆಯುವ ಮೊದಲು ಅವರಿಗೆ ಒಂದು ಬಣ್ಣದ ಔಷಧಿ ಕುಡಿಸಿದ್ದರು. ನೀಲಿ ದೀಪ ಹಿಡಿದರೆ ಗೆಡ್ಡೆ ಮಾತ್ರ ಕೆಂಡದಂತೆ ಹೊಳೆಯುತ್ತದಂತೆ, ಡಾಕ್ಟರ ಕೈ ದಾರಿ ತಪ್ಪುವುದಿಲ್ಲವಂತೆ. ಆ ವಿದ್ಯೆಗೆ ಕೈಮುಗಿಯುತ್ತೇನೆ. ಆದರೆ ಅದನ್ನು ಕುಡಿದವರ ಚರ್ಮಕ್ಕೆ ಎರಡು ದಿನ ಜೋರು ಬೆಳಕು ತಾಗಬಾರದೆಂದು ನಿಮ್ಮ ಡಾಕ್ಟರೇ ಹೇಳಿದ್ದರು.

ಆಪರೇಷನ್ ಆದ ಮರುದಿನವೇ ನಿಮ್ಮ ಪ್ರಚಾರದವರು ಬಂದು, ಪರದೆ ಸರಿಸಿ, ದೊಡ್ಡ ಲೈಟು ಹಾಕಿದರು.

"ಒಂದೇ ನಿಮಿಷ ಆಂಟಿ, ಸ್ವಲ್ಪ ನಗಿ."

"ನಗತೀನಪಾ, ಮೊದಲ ದೀಪ ಆರಿಸು. ಮಾರಿ ಉರಿಯಾಕತ್ತೈತಿ."

ಅರ್ಧ ಗಂಟೆ ವಿಡಿಯೊ ತೆಗೆದರು. ಮುತ್ತವ್ವನ ಕೆನ್ನೆ ತುಂಬ ಬೊಬ್ಬೆ ಎದ್ದಿದೆ. ಔಷಧಿ ಕುಡಿಸಿದ್ದು ಗೆಡ್ಡೆ ಕಾಣಲೆಂದೋ, ನಿಮ್ಮ ಆಸ್ಪತ್ರೆ ಕಾಣಲೆಂದೋ?

ನಾಳೆ ನನ್ನ ಹೆಂಡತಿ ಜಗದಾಂಬಾ ಅದನ್ನೇ ಕುಡಿಯುತ್ತಾಳೆ. ಶನಿವಾರ ಸಂಜೆಯವರೆಗೆ ಕ್ಯಾಮೆರಾ ಹಿಡಿದ ಯಾರನ್ನೂ ಅವಳ ಮಂಚದ ಹತ್ತಿರ ಬಿಡಕೂಡದು. ಇದಕ್ಕೆ ನಿಮ್ಮ ಸಹಿ ಹಾಕಿದ ಕಾಗದ ಇವತ್ತೇ ನನ್ನ ಕೈಗೆ ಕೊಡಿ.

ವಾರ್ಡಿನ ಕಿಟಕಿಗಳಿಗೆ ಹೊದಿಕೆ ಕಟ್ಟಿದವರು ಯಾರೆಂದು ನಿಮ್ಮ ಸೆಕ್ಯೂರಿಟಿಯವರು ಗದರುತ್ತಿದ್ದಾರೆ. ಕಥೆ ಕೇಳಿದ ನಾವೇ ಒಂಬತ್ತು ಜನ. ಮಂಗಳವಾರ ಬೆಳಿಗ್ಗೆ ಮನೆಯಿಂದ ಒಂದೊಂದು ಹೊದಿಕೆ ತಂದು, ಒಂದು ಕಿಟಕಿಯನ್ನೂ ಬಿಡದೆ ಕಟ್ಟಿದೆವು.

ಇಂತಿ,
ಗುರುಬಸಪ್ಪ