ವಾಸನೆಯಿಲ್ಲದ ನೀರು

ಮನೆಯಿಂದ, ಅಡುಗೆಮನೆಯ ಮೇಜು
ತಾರೀಕು ಹದಿನಾಲ್ಕು, ಬುಧವಾರ ಸಂಜೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ತಂಗಿಯ ಮನೆ ಮೂರನೇ ಮಹಡಿ, ಲಿಫ್ಟ್ ಕೆಟ್ಟರೆ ವಾರಗಟ್ಟಲೆ ಯಾರೂ ತಿರುಗಿ ನೋಡುವುದಿಲ್ಲವಂತೆ. ಹತ್ತುವಾಗ ಕಂಬಿ ಹಿಡಿದುಕೊ, ಅಲ್ಲಿ ಪೌರುಷ ತೋರಿಸಬೇಡ. ಬಾಣಂತಿಗೆ ನಿದ್ದೆ ಸಿಗುತ್ತಿದೆಯೇ? ಮಗು ನಿನ್ನ ಮೂಗನ್ನೇ ಹೊತ್ತು ಬಂದಿದೆ ಎಂದು ಕೇಳಿ ನಕ್ಕೆ. ಪಾಪ, ಅದಕ್ಕೆ ಬೇರೆ ಮೂಗು ಸಿಗಲಿಲ್ಲವೇ? ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ನೀನು ಮೂರು ಸಲ "ದನಿ ಯಾಕೋ ಸರಿಯಿಲ್ವಲ್ಲೋ" ಎಂದೆ. ಶೀತ ಎಂದೆ. ಶೀತವಲ್ಲ. ಫೋನಿನಲ್ಲಿ ನಿನ್ನ ಉಸಿರು ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಈ ಕಾಗದ. ಯೂನಿಯನ್ನಿನ ಅಕ್ಷರ ತರಗತಿಯಲ್ಲಿ ನೀನು ಕಲಿತ ಹಾಗೆ ದೊಡ್ಡದಾಗಿ, ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ತಂಗಿಯ ಕೈಲಿ ಓದಿಸಬೇಡ. ನೀನೇ ಓದು.

ನಮ್ಮ ಆಫೀಸಿನ ಕೆಲಸ ನಿನಗೆ ಗೊತ್ತು. ಇನ್ನೂ ಕಟ್ಟದ ಕಟ್ಟಡಗಳನ್ನು ಕಟ್ಟಿಬಿಟ್ಟ ಹಾಗೆ ಕಂಪ್ಯೂಟರಿನಲ್ಲಿ ತೋರಿಸುವುದು. ಅಡಿಪಾಯವೇ ಇಲ್ಲದ ಮನೆಯ ಕಿಟಕಿಯಲ್ಲಿ ಪರದೆ ಹಾರಾಡುತ್ತದೆ. ಅಂಥ ಒಂದು ಚಿತ್ರ ತಯಾರಾಗಲು ಹಳೆಯ ಮೆಷಿನ್ನುಗಳಿಗೆ ಎರಡು ದಿನ ಹಿಡಿಯುತ್ತಿತ್ತು. "ನೀನೇ ಒಂದು ಮೆಷಿನ್ ಕಟ್ಟಯ್ಯ, ಈ ಊರಲ್ಲಿ ಯಾರ ಹತ್ರಾನೂ ಇರಬಾರದು" ಎಂದರು ಮಾಲೀಕರು. ಹಿಗ್ಗಿ ಹೀರೇಕಾಯಿಯಾದೆ. ಕೇಬಲ್ ಸಿಕ್ಕಿಸುವವನು, ಪ್ರಿಂಟರಿನಿಂದ ಸಿಕ್ಕಿಬಿದ್ದ ಕಾಗದ ಎಳೆಯುವವನು ಎಂದೇ ನನ್ನನ್ನು ನೋಡುತ್ತಿದ್ದವರು ಅವರೆಲ್ಲ. ತೋರಿಸುತ್ತೇನೆ ಇರಿ ಎಂದುಕೊಂಡೆ. ಹೊಸ ಮೆಷಿನ್ನನ್ನು ಓವರ್‌ಕ್ಲಾಕ್ ಮಾಡುವುದೆಂದು ತೀರ್ಮಾನಿಸಿದೆ. ಹಾಗೆಂದರೆ, ತಯಾರಿಸಿದವರು ಇಷ್ಟು ವೇಗ ಸಾಕು ಎಂದು ಗೊತ್ತುಮಾಡಿದ ಚಿಪ್ ಅನ್ನು, ಅಂದರೆ ಕಂಪ್ಯೂಟರಿನ ಮಿದುಳನ್ನು, ಅದಕ್ಕಿಂತ ಜೋರಾಗಿ ಓಡಿಸುವುದು. ಓಡಿದಷ್ಟೂ ಅದು ಕಾಯುತ್ತದೆ. ಬರೀ ಗಾಳಿ ಸಾಲದು. ಅದರ ನೆತ್ತಿಯ ಮೇಲೆ ತಾಮ್ರದ ಬಿಲ್ಲೆ ಕೂರಿಸಿ ಒಳಗೆ ನೀರು ಹರಿಸಬೇಕು. ನೀರು ಬಿಸಿಯನ್ನು ಹೊತ್ತುಕೊಂಡು ಹೋಗಿ, ರೇಡಿಯೇಟರಿನಲ್ಲಿ ತಣಿದು, ಪಂಪಿನ ಮೂಲಕ ಮತ್ತೆ ಬರುತ್ತದೆ. ಇದೇನೂ ನಿನಗೆ ಹೊಸದಲ್ಲ ಬಿಡು. ಆಸ್ಪತ್ರೆಯಲ್ಲಿ ಇಬ್ಬರು ಒರೆಸುವ ವರಾಂಡವನ್ನು ನಿನ್ನೊಬ್ಬಳ ಕೈಲೇ ಒರೆಸಿಸಿದನಲ್ಲ ಆ ಮೇಸ್ತ್ರಿ, ಅವನು ಮಾಡಿದ್ದೂ ಓವರ್‌ಕ್ಲಾಕೇ. ನಿನಗೆ ಒಂದು ಲೋಟ ಕುಡಿಯುವ ನೀರಿಗೂ ಬಿಡುವು ಕೊಡಲಿಲ್ಲ, ಅಷ್ಟೇ ವ್ಯತ್ಯಾಸ. ಚಿಪ್ ಕಾದರೆ ಓಡಿಬರುತ್ತಾರೆ. ಹೆಂಗಸಿನ ಮಂಡಿ ಕಾದರೆ ಹೊಸ ಹೆಂಗಸನ್ನು ತರುತ್ತಾರೆ.

ಹನ್ನೊಂದು ದಿನ ಕೂತು ಕಟ್ಟಿದೆ. ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಕೊಳವೆಗಳನ್ನು ಬಿಸಿಗಾಳಿಯಲ್ಲಿ ಮೆದುಮಾಡಿ, ಒಳಗೆ ರಬ್ಬರಿನ ಹುರಿ ತೂರಿಸಿ, ಸೊಟ್ಟಗಾಗದ ಹಾಗೆ ಬಗ್ಗಿಸಬೇಕು. ಹತ್ತು ಹಾಳುಮಾಡಿ ಹನ್ನೊಂದನೆಯದನ್ನು ಸರಿಮಾಡಿದೆ. ಹಾಳಾದ ತುಂಡುಗಳನ್ನೆಲ್ಲ ನೆಲದಿಂದ ಬಾಚಿದವಳು ಸಣ್ಣಕ್ಕ. ಆಸ್ಪತ್ರೆಯಲ್ಲಿ ನಿನ್ನ ಕೈಕೆಳಗೆ ಬಕೆಟ್ ಹಿಡಿದವಳು, "ನಮ್ಮ ಹುಡುಗಿ ಕಣೋ, ನಿಮ್ಮ ಆಫೀಸಿಗೆ ಸೇರಿಸು" ಎಂದು ನೀನೇ ಕಳಿಸಿದವಳು. ಎಲ್ಲರೆದುರು ನನ್ನನ್ನು ಸಾರ್ ಎನ್ನುತ್ತಾಳೆ, ಯಾರೂ ಇಲ್ಲದಾಗ ತಮ್ಮಾ. ಮಾಲೀಕರ ತಮ್ಮ ಅವಳನ್ನು "ಏ ಬಕೆಟ್" ಎಂದೇ ಕೂಗುತ್ತಾನೆ. ನಾನು ನಿಮ್ಮ ಯೂನಿಯನ್ನಿನ ಧರಣಿಗಳಲ್ಲಿ ಬೀದಿಯಲ್ಲಿ ನಿಂತು ದುಡಿಯುವವರ ಮರ್ಯಾದೆಯ ಬಗ್ಗೆ ಗಂಟಲು ಹರಿದುಕೊಂಡ ಭಾಷಣಕಾರ, ಒಂದು ದಿನವೂ ಅವನಿಗೆ ಎದುರಾಡಿಲ್ಲ. ಸಣ್ಣಕ್ಕ ಮೆಷಿನ್ನಿನ ಸುತ್ತ ಒಂದು ಸುತ್ತು ಹಾಕಿ, "ತಮ್ಮಾ, ಇದು ಕಂಪ್ಯೂಟ್ರೋ ಮೀನಿನ ತೊಟ್ಟಿಯೋ? ಮೀನು ಯಾವಾಗ ಬಿಡ್ತೀಯ?" ಎಂದಳು. ನೀರಿಗೆ ಕೆಂಪು ಬಣ್ಣ ಹಾಕು, ಚೆಂದ ಕಾಣುತ್ತೆ ಎಂದರು ಮಾಲೀಕರು. ಬಣ್ಣ ಹಾಕಿದರೆ ಗಸಿ ಕಟ್ಟುತ್ತದೆ ಸಾರ್ ಎಂದು ದೊಡ್ಡ ಪಂಡಿತನಂತೆ ಹೇಳಿ, ಬ್ಯಾಟರಿಗೆ ಹಾಕುತ್ತಾರಲ್ಲ ಆ ಶುದ್ಧ ನೀರನ್ನೇ ತುಂಬಿದೆ. ಬಣ್ಣವಿಲ್ಲದ, ವಾಸನೆಯಿಲ್ಲದ ನೀರು.

ಈ ಕೆಲಸದಲ್ಲಿ ತಪ್ಪಿಸಬಾರದ ನಿಯಮ ಒಂದಿದೆ. ನೀರು ತುಂಬಿದ ಮೇಲೆ ಬೇರೆ ಯಾವುದಕ್ಕೂ ಕರೆಂಟ್ ಕೊಡದೆ, ಪಂಪನ್ನು ಮಾತ್ರ ಒಂದು ಪೂರ್ತಿ ದಿನ ಓಡಿಸಿ, ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಕಾಗದ ಇಟ್ಟು ಒದ್ದೆಯಾಗುತ್ತದೆಯೇ ಎಂದು ನೋಡಬೇಕು. ನೋಡಿದೆ. ಎಲ್ಲ ಒಣಗಿತ್ತು. ಸೋಮವಾರ ದೊಡ್ಡ ಬಿಲ್ಡರ್ ತನ್ನ ಪರಿವಾರದೊಡನೆ ಬರುವವನಿದ್ದ. ಅವನು ಬರಲು ಕಾಲು ಗಂಟೆ ಇದ್ದಾಗ ಕೆಳಗಿನ ಕೊಳವೆ ಕೂದಲೆಳೆಯಷ್ಟು ಓರೆಯಾಗಿದೆ ಎನ್ನಿಸಿತು. ಯಾರ ಕಣ್ಣಿಗೂ ಬೀಳದ ಓರೆ, ನನ್ನ ಜಂಬದ ಕಣ್ಣಿಗೆ ಬಿತ್ತು. ಪಂಪ್ ನಿಲ್ಲಿಸಿ, ಅದನ್ನು ಹಿಡಿದಿಡುವ ಉಂಗುರದಂಥ ನಟ್ಟನ್ನು ಸಡಿಲಿಸಿ ನೆಟ್ಟಗೆ ಮಾಡಿದೆ. ಅಷ್ಟರಲ್ಲಿ ಮಾಲೀಕರು "ಬಾರಯ್ಯ, ಫೋಟೋ ತೆಗೀತಿದ್ದಾರೆ, ಮೆಷಿನ್ ಪಕ್ಕ ನೀನೂ ನಿಲ್ಲು" ಎಂದರು. ನಿಂತೆ. ನಕ್ಕೆ. ನಟ್ಟು ಬಿಗಿಯುವುದನ್ನು ಮರೆತೆ.

ಬಿಲ್ಡರ್ ಬಂದ. ವೇಗವನ್ನು ತುದಿಗೇರಿಸಿ ತೋರಿಸಿದೆ. ಎಂಟು ನಿಮಿಷ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಒಂಬತ್ತನೆಯ ನಿಮಿಷಕ್ಕೆ ಸುಟ್ಟ ವಾಸನೆ, ಪರದೆ ಕಪ್ಪು, ಮೇಜಿನಡಿಯಿಂದ ನೀರು ಹರಿದು ಬಿಲ್ಡರನ ಬೂಟಿನವರೆಗೆ ಬಂತು. ಆ ಕ್ಷಣವೇ ನನಗೆ ಗೊತ್ತಾಯಿತಮ್ಮ. ಬೆರಳುಗಳಿಗೆ ನೆನಪಾಯಿತು. "ಎಲ್ಲಿಂದ ಬಂತೋ ನೀರು?" ಎಂದು ಮಾಲೀಕರು ಕಿರುಚಿದರು. ಬಾಗಿಲಾಚೆ ಕಾರಿಡಾರಿನಲ್ಲಿ ಸಣ್ಣಕ್ಕನ ಬಕೆಟ್ ಇತ್ತು. ನಾನು, ನಿನ್ನ ಮಗ, ಬಾಯಿ ತೆರೆದು ಹೇಳಿದೆ: "ಹೊರಗೆ ಈಗ ತಾನೇ ಒರೆಸ್ತಿದ್ರು ಸಾರ್."

ಅದು ಸುಳ್ಳಲ್ಲ. ಅವಳು ಹೊರಗೆ ಒರೆಸುತ್ತಿದ್ದುದು ನಿಜ. ಸುಳ್ಳು ಹೇಳುವ ಗಂಡೆದೆಯೂ ಇಲ್ಲದವನು ಹೇಳುವ ನಿಜ ಅದು. ಉಳಿದದ್ದನ್ನು ಅವರೇ ತುಂಬಿಕೊಂಡರು. ಅವಳನ್ನು ಒಳಗೆ ಕರೆದು ಎಲ್ಲರೂ ಸುತ್ತ ನಿಂತರು. "ಈ ರೂಮಿಗೆ ನಾನಿನ್ನೂ ಕಾಲೇ ಇಟ್ಟಿಲ್ಲ" ಎಂದಳು. "ಹಂಗಾದ್ರೆ ನೀರೇನು ನಡ್ಕೊಂಡು ಬಂತಾ ಬಕೆಟ್ಟೇ?" ಎಂದ ಮಾಲೀಕರ ತಮ್ಮ. ಕೆಲವರು ನಕ್ಕರು. ಆಗ ಅವಳು ಮಂಡಿಯೂರಿ, ಬೆರಳದ್ದಿ ಮೂಸಿ, ತಲೆಯೆತ್ತಿ ಹೇಳಿದಳು: "ಸಾರ್, ನನ್ನ ನೀರಿಗೆ ಫಿನಾಯಿಲ್ ವಾಸನೆ ಇರುತ್ತೆ. ಇದಕ್ಕಿಲ್ಲ. ಯಾರಾದ್ರೂ ಒಬ್ಬರು ಮೂಸಿ ನೋಡಿ." ಎಂಟು ಜನ ಓದಿದವರಿದ್ದೆವು. ಎಷ್ಟು ಸರಳವಾದ ಸಾಕ್ಷಿ! ಒಬ್ಬನಾದರೂ ಬಗ್ಗಿದ್ದರೆ ಸಾಕಿತ್ತು. ಯಾರೂ ಬಗ್ಗಲಿಲ್ಲ. ನೆಲ ಮೂಸುವುದು ನೆಲ ಒರೆಸುವವಳ ಕೆಲಸ ಎಂದು ನಮಗೆಲ್ಲ ಯಾವ ಬಡ್ಡೀಮಗ ಹೇಳಿಕೊಟ್ಟನೋ. ಅವಳು ನನ್ನನ್ನೇ ನೋಡಿದಳು. "ಸಾರ್, ನೀವಾದ್ರೂ ಹೇಳಿ." ನಾನು ಕೇಬಲ್ ಸುತ್ತುತ್ತಾ ನಿಂತೆ. ಅರ್ಧ ಗಂಟೆಯಲ್ಲಿ, ಆಫೀಸಿಗೆ ಒರೆಸುವವರನ್ನು ಕಳಿಸುವ ಗುತ್ತಿಗೆದಾರ ಬಂದು ಅವಳ ಗುರುತಿನ ಚೀಟಿ ಕಿತ್ತುಕೊಂಡು ಗೇಟಿನಿಂದ ಆಚೆ ಕಳಿಸಿದ.

ಇಷ್ಟಕ್ಕೇ ನಿಲ್ಲಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು, ಇದೇ ಮೇಜಿನೆದುರು ಕೂತಳು. ನನ್ನ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ. "ಸಾರ್‌ಗಳ ಮುಂದೆ ನಿನಗೂ ಮಾತಾಡಕ್ಕಾಗಲ್ಲ, ನಂಗೊತ್ತು ಬಿಡು. ಮಾಲೀಕರಿಗೊಂದು ಅರ್ಜಿ ಬರ್ಕೊಡು ತಮ್ಮಾ, ನಿನ್ನ ಬರವಣಿಗೇಲಿ ಬೆಂಕಿ ಇದೆ" ಎಂದಳು. ಬರೆದೆ. ದಬ್ಬಾಳಿಕೆ ಎಂದೆ, ದುಡಿಯುವ ಕೈಗಳ ಮೇಲಿನ ದೌರ್ಜನ್ಯ ಎಂದೆ, ಎರಡು ಪುಟ ಗುಡುಗಿದೆ. ನೀರು ಎಲ್ಲಿಂದ ಬಂತು ಎಂಬ ಒಂದು ಸಾಲು ಬಿಟ್ಟು ಎಲ್ಲವೂ ಇತ್ತು. ಓದಿ ಹೇಳಿದಾಗ ಅವಳು ಕಣ್ಣೊರೆಸಿಕೊಂಡು, ನೀನು ಕಲಿಸಿದ ಕೈಬರಹದಲ್ಲಿ, ನಾಲಗೆ ಕಚ್ಚಿ ಸಹಿ ಹಾಕಿದಳು. ಇಷ್ಟು ವರ್ಷ ನಾನು ಕೂಗಿದ ಘೋಷಣೆಗಳೆಲ್ಲ ಆ ಎರಡು ಪುಟದಲ್ಲಿ ನನ್ನ ಮುಖಕ್ಕೆ ಉಗಿದವು ಅಮ್ಮಾ. ನನ್ನ ಭಾಷೆಯ ಮೇಲೆಯೇ ನನಗೆ ಹೇಸಿಗೆಯಾಯಿತು.

ಅವಳು ಹೋದ ಮೇಲೆ ಇನ್ನೊಂದು ಕಾಗದ ತೆಗೆದುಕೊಂಡು ನಾಲ್ಕೇ ಸಾಲು ಬರೆದೆ. ನಟ್ಟು ಸಡಿಲ ಬಿಟ್ಟವನು ನಾನು. ನೀರು ಮೆಷಿನ್ನಿನದು. ಸಣ್ಣಕ್ಕ ಒಳಗೆ ಬಂದಿರಲಿಲ್ಲ. ಗೊತ್ತಿದ್ದೂ ಅವಳ ಕಡೆ ಕೈತೋರಿಸಿದೆ. ಇವತ್ತು ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾಗೇ ವಾಪಸ್ ತಂದಿದ್ದೇನೆ. ನಾಳೆ ಕೊಡುತ್ತೇನೆ. ಈ ಕಾಗದ ನಿನಗೆ ಸೇರುತ್ತದೆ ಎಂಬ ಹೆದರಿಕೆಯಿಂದಲಾದರೂ ಕೊಡುತ್ತೇನೆ.

ತಂಗಿಗೆ ನೆನಪು ಹೇಳು, ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊ. ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಬರೆಯುವ ಯೋಗ್ಯತೆ ಈ ಸಲ ನನಗಿಲ್ಲ.

ನಿನ್ನ ಮಗ,
ಬಿಚ್ಚಪ್ಪ
(ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದೆನೆಂದು ನೀನೇ ಇಟ್ಟ ಹೆಸರು)

ಲಕೋಟೆ ಅಂಟಿಸುವ ಮುಂಚೆ, ಶುಕ್ರವಾರ ಮಧ್ಯಾಹ್ನ, ಗೇಟಿನ ಹತ್ತಿರ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ: ನಿನ್ನೆ ಕೊಟ್ಟೆ. ಮಾಲೀಕರು ಓದಿ ನಕ್ಕುಬಿಟ್ಟರು. "ಹೊಸ ಕೆಲಸ, ಒಂದೆರಡು ಸಲ ಹಿಂಗಾಗುತ್ತೆ ಬಿಡಯ್ಯ. ಬೇಗ ಇನ್ನೊಂದು ಕಟ್ಟು" ಎಂದರು. ಸಣ್ಣಕ್ಕನ ಗತಿಯೇನು ಎಂದೆ. "ಅವಳ ಜಾಗಕ್ಕೆ ಆಗಲೇ ಬೇರೆಯವಳು ಬಂದಾಯ್ತಲ್ಲ." ಅದೇ ನೀರು, ಅವಳಿಗೆ ಗೇಟು, ನನಗೆ ಹೊಸ ರೇಡಿಯೇಟರ್. ಅವಳನ್ನು ವಾಪಸ್ ಕರೆಯುವ ತನಕ ಒಂದು ಸ್ಕ್ರೂ ಕೂಡ ಮುಟ್ಟುವುದಿಲ್ಲ ಎಂದು ಹೇಳಿ ಗೇಟಿನ ಹೊರಗೆ ಕೂತಿದ್ದೇನೆ. ನನ್ನ ಬಿಟ್ಟು ಆ ಮೆಷಿನ್ ಕಟ್ಟುವವರು ಇಲ್ಲಿಲ್ಲ, ಅವರಿಗೂ ಗೊತ್ತು. ನಿನ್ನೆ ರಾತ್ರಿ ಸಣ್ಣಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ.  ಇವತ್ತು ಬೆಳಿಗ್ಗೆ ಅವಳೂ ಬಂದು ರಸ್ತೆಯ ಆ ಬದಿಯಲ್ಲಿ ನಿಂತಿದ್ದಾಳೆ, ಒಬ್ಬಳೇ. ಕರೆದರೆ, "ನೀನು ಕೂತ ಕಡೆ ನಾನು ಕೂರಲ್ಲ. ನಿಮ್ಮಮ್ಮನ್ನ ಕರ್ಸು. ಅವರು ಬಂದ್ರೆ ಕೂರ್ತೀನಿ" ಎಂದಳು. ತಮ್ಮಾ ಎನ್ನಲಿಲ್ಲ, ಸಾರ್ ಎಂದೂ ಎನ್ನಲಿಲ್ಲ. ಬಾಣಂತಿಯನ್ನು ಬಿಟ್ಟು ಬಾ ಎನ್ನಲು ನನಗೆ ಮುಖವಿಲ್ಲ. ಆದರೂ ಬಾ. ಎರಡು ದಿನಕ್ಕಾದರೂ ಬಾ. ಬಂದು ಅವಳ ಪಕ್ಕ ಕೂತುಕೊ ಅಮ್ಮಾ. ನನ್ನ ಪಕ್ಕ ಬೇಡ.