ಅಣ್ಣನ ಎಂಟು ರಾತ್ರಿ

ಮಾರ್ಚ್ ೧೯, ಗುರುವಾರ

ದುಡ್ಡು ಕೊಟ್ಟು ತಂಗುವವರ ರಾತ್ರಿಗಳ ಲೆಕ್ಕದಲ್ಲಿ ಕಟ್ಟುವ ವಸತಿ ತೆರಿಗೆಗೆ ನಾಳೆಯೇ ಕಡೆಯ ದಿನ. ಮಹಡಿಯ ಬಾಡಿಗೆ ಕೋಣೆಯಲ್ಲಿ ಹೋದ ತಿಂಗಳು ಯಾರು ಎಷ್ಟು ರಾತ್ರಿ ಇದ್ದರೆಂದು ಬರೆದು ಮುಗಿಸಿದೆ. ಅಣ್ಣನ ಎಂಟು ರಾತ್ರಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಕಣ್ಣಿನ ಆಪರೇಷನ್ನಿಗೆ ಬಂದಿದ್ದ. ಹೋದ ಮರುದಿನವೇ ನನ್ನ ಖಾತೆಗೆ ಬಾಡಿಗೆ ಹಾಕಿದ್ದಾನೆ, ಹೊರಗಿನವರಿಗೆ ಹೇಳುವ ದರದಲ್ಲೇ. ಫೋನ್ ಮಾಡಿದರೆ ಅತ್ತಿಗೆ ಎತ್ತಿ, "ನಮಗ್ಯಾಕಮ್ಮ ಇನ್ನೊಬ್ಬರ ಹಂಗು?" ಅಂದಳು.

ತೆರಿಗೆ ಕಚೇರಿಯ ಗುಮಾಸ್ತನನ್ನು ಕೇಳಿದೆ. ತಲೆ ಎತ್ತದೆ ಹೇಳಿದ: "ದುಡ್ಡು ತಗೊಂಡಿದ್ರೆ ಗಿರಾಕಿ, ತೆರಿಗೆ ಕಟ್ಟಿ. ತಗೊಂಡಿಲ್ಲ ಅಂದ್ರೆ ಅಣ್ಣ, ಬಿಟ್ಬಿಡಿ. ಅದಕ್ಯಾಕೆ ಇಷ್ಟು ಯೋಚ್ನೆ?"

ದುಡ್ಡು ವಾಪಸು ಕಳಿಸಿದ್ದರೆ ಮುಗಿಯುತ್ತಿತ್ತು. ಕಳಿಸಲಿಲ್ಲ. ಅವನಿಗೆ ಕೊಬ್ಬಿದ್ದರೆ ನನಗೇನು ಕಡಿಮೆಯೇ? ಗಿರಾಕಿಗಳ ಸಾಲಿನಲ್ಲೇ ಒಡಹುಟ್ಟಿದವನ ಹೆಸರು ಬರೆದೆ.

ಅತ್ತಿಗೆಯನ್ನು ಬೈದುಕೊಳ್ಳುತ್ತಾ ದೀಪ ಆರಿಸಲು ಎದ್ದಾಗ ನೆನಪಾಯಿತು. ಅವನು ಬಂದ ದಿನ ಬೀಗದಕೈ ಕೊಡುತ್ತಾ, ಎಲ್ಲರಿಗೂ ಹೇಳಿ ಹೇಳಿ ರೂಢಿಯಾದ ಈ ಬಾಯಿ, "ಹೊರಡೋ ದಿನ ಹನ್ನೊಂದಕ್ಕೆಲ್ಲ ರೂಮ್ ಖಾಲಿ ಮಾಡ್ಬೇಕು" ಅಂದಿತ್ತು. ಅವನು ನಗಲಿಲ್ಲ. ಹೊರಟ ದಿನ ಹತ್ತೂವರೆಗೇ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ, ಹಾಸಿಗೆ ಮಡಿಸಿಟ್ಟು ಬಂದು ಕೆಳಗೆ ನಿಂತಿದ್ದ.