ಒಂದನೇ ಗ್ರೇಡಿನ ಡಾಕ್ಟರಮ್ಮನನ್ನು ನಮಗೆ ವಾಪಸ್ ಕೊಡಿ

ಮಾನಸಿಕ ಆರೋಗ್ಯ ಸೇವೆಗಳ ಗುಣಮಟ್ಟ ಮತ್ತು ವೆಚ್ಚವನ್ನು ಅಳೆದು ತೂಗಿ ವರದಿ ಬರೆಸಿದ ಮಾನ್ಯರೇ,

ಈ ಸುದ್ದಿಯನ್ನು ನಮಗೆ ಮೊದಲು ಹೇಳಿದವರು ನಮ್ಮೂರಿನ ಆಶಾ ಕಾರ್ಯಕರ್ತೆ ಕುಳ್ಳಮ್ಮ. ಹೇಳಿದ್ದು ನಿನ್ನೆ, ಸೋಮವಾರ ಸಂಜೆ, ರಾವಂದೂರಿನ ಆಚೆಗಿರುವ ನಮ್ಮ ಹಳ್ಳಿಯ ಹೊಗೆಸೊಪ್ಪಿನ ಷೆಡ್ಡಿನಲ್ಲಿ. ತಿಂಗಳಿಗೊಂದು ಮಂಗಳವಾರ ಆಸ್ಪತ್ರೆಗೆ ಬಂದು ಮನಸ್ಸಿನ ಕಾಯಿಲೆಗೆ ಮದ್ದು ಕೊಡುತ್ತಿದ್ದ ಡಾಕ್ಟರಮ್ಮ ಇನ್ನು ಬರುವುದಿಲ್ಲವಂತೆ. ನಿಮ್ಮ ವರದಿಯಲ್ಲಿ ನಮ್ಮ ಕಡೆಯ ಸೇವೆ ಗುಣದಲ್ಲಿ ಎಲ್ಲರಿಗಿಂತ ಕೆಳಗೆ, ಖರ್ಚಿನಲ್ಲಿ ಎಲ್ಲರಿಗಿಂತ ಮೇಲೆ ಇದೆಯಂತೆ. ಹಾಗಾಗಿ ಆ ಮಂಗಳವಾರವನ್ನೇ ತೆಗೆದುಹಾಕಿದ್ದೀರಂತೆ. ತಮ್ಮ ದಕ್ಷತೆ ದೊಡ್ಡದು. ಆದರೆ ಆ ವರದಿಯ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ನಾವು. ಏನು ನಡೆಯಿತೆಂದು ಹೇಳುತ್ತೇನೆ, ಕುರ್ಚಿಯನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡು ಓದಿ.

ಮೊದಲು ನನ್ನ ಹೆಂಡತಿ ಶಿವರುದ್ರಮ್ಮನ ವಿಷಯ. ಎರಡೂವರೆ ವರ್ಷದ ಹಿಂದೆ ಅವಳು ಮಾತು ಬಿಟ್ಟಳು. ಅನ್ನ ಬಿಟ್ಟಳು. ಗೋಡೆ ನೋಡುತ್ತಾ ಕುಳಿತವಳನ್ನು ಕರೆದರೆ, ದೂರದಲ್ಲಿ ಯಾರನ್ನೋ ಕರೆಯುತ್ತಿದ್ದಾರೆಂಬಂತೆ ನೋಡುತ್ತಿದ್ದಳು. ಹರಕೆ ಹೊತ್ತೆವು, ದಾರ ಕಟ್ಟಿಸಿದೆವು. ಕೊನೆಗೆ ಕುಳ್ಳಮ್ಮ ನನ್ನನ್ನು ಚೆನ್ನಾಗಿ ಬೈದು, ಅವಳ ಕೈಹಿಡಿದು ಮಂಗಳವಾರದ ಡಾಕ್ಟರಮ್ಮನ ಹತ್ತಿರ ಕೂರಿಸಿದರು. ಡಾಕ್ಟರಮ್ಮ ಮುಕ್ಕಾಲು ಗಂಟೆ ಅವಳ ಮುಂದೆ ಸುಮ್ಮನೆ ಕುಳಿತಿದ್ದರು. ಅವಳು ಮಾತಾಡಲಿಲ್ಲ, ಇವರೂ ಅವಸರ ಮಾಡಲಿಲ್ಲ. ಎರಡನೇ ತಿಂಗಳು ಅವಳು ನಾಲ್ಕು ಮಾತಾಡಿದಳು. ಮೂರನೇ ತಿಂಗಳು ಒಂದು ಬೆಳಿಗ್ಗೆ ನಾನು ಮಾಡಿದ ಸಾರಿನ ಲೋಟವನ್ನು ನನ್ನ ಮುಂದೆ ಕುಕ್ಕಿ, ಇದು ಸಾರೋ ದನಕ್ಕಿಡುವ ಕಲಗಚ್ಚೋ ಎಂದು ಕೇಳಿದಳು. ಮಾನ್ಯರೇ, ಹೆಂಡತಿ ಬೈದಳೆಂದು ಬೀದಿಗೆ ಓಡಿಹೋಗಿ ಊರಿಗೆಲ್ಲ ಸಕ್ಕರೆ ಹಂಚಿದ ಗಂಡಸು ಈ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅವಳ ಹಿಂದೆಯೇ ಒಬ್ಬೊಬ್ಬರಾಗಿ ಸೇರಿ, ಅವಳೂ ಸೇರಿದಂತೆ ನಮ್ಮೂರಿನಿಂದ ಒಟ್ಟು ಹದಿನಾಲ್ಕು ಮಂದಿ ಆ ಡಾಕ್ಟರಮ್ಮನ ಬಳಿಗೆ ಹೋಗತೊಡಗಿದರು.

ಹೋದ ಅಕ್ಟೋಬರಿನಲ್ಲಿ ಸಮೀಕ್ಷೆಗೆಂದು ತಾವು ಕಳಿಸಿದ ಕಿರಣ್‌ಕುಮಾರ್ ಎಂಬವರು ಬಂದರು. ಬಹಳ ಸಂಭಾವಿತ ಮನುಷ್ಯ. ಹದಿನಾಲ್ಕು ಮನೆಯವರೂ ನಮ್ಮ ಷೆಡ್ಡಿನಲ್ಲೇ ಸೊಪ್ಪು ವಿಂಗಡಿಸುತ್ತಾ ಕುಳಿತಿದ್ದರಿಂದ ಎಲ್ಲರನ್ನೂ ಅಲ್ಲೇ ಕೇಳಿದರು. ಕೈಯಲ್ಲಿದ್ದ ಟ್ಯಾಬ್ ನೋಡಿಕೊಂಡು, ‘ಸೇವಾ ಗುಣಮಟ್ಟದ ಸಂತೃಪ್ತಿಯ ಪ್ರಮಾಣವನ್ನು ಒಂದರಿಂದ ಐದರ ಮಾಪನದಲ್ಲಿ ಸೂಚಿಸತಕ್ಕದ್ದು’ ಎಂದು ಓದಿದರು. ಆ ವಾಕ್ಯ ಯಾರ ತಲೆಗೂ ಹೋಗದೆ ಷೆಡ್ಡಿನ ಮೇಲೆ ಹಾರಿಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ಮೂವತ್ತೊಂದು ವರ್ಷದಿಂದ ಈ ಊರಿನ ಸೊಪ್ಪನ್ನು ಮುಟ್ಟಿ ನೋಡಿ, ಇದು ಎಷ್ಟನೇ ಗ್ರೇಡೆಂದು ಹೇಳುವವನು ನಾನೇ. ನಿಂಬೆಹಣ್ಣಿನ ಬಣ್ಣದ, ಒಂದು ಕಲೆಯಿಲ್ಲದ ಎಲೆ ಬಂದರೆ ಅದು ಒಂದು. ಅದಕ್ಕಿಂತ ಕಡಿಮೆಯದು ಎರಡು, ಮೂರು. ಐದಕ್ಕೆ ಬಂದರೆ ಕೊಳ್ಳುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಇದರಲ್ಲಿ ಯೋಚಿಸುವುದೇನಿದೆ? ಒಂದು ಕೊಡ್ರಪ್ಪಾ ಎಂದೆ.

ಕೊಟ್ಟರು. ವೈದ್ಯರ ನಡವಳಿಕೆ? ಒಂದು. ಔಷಧಿಯ ಪರಿಣಾಮ? ಒಂದು. ಗೌಪ್ಯತೆ? ಒಂದು. ಹದಿನಾಲ್ಕು ಮನೆ ಪೂರ್ತಿ ಒಂದು, ಒಂದು, ಒಂದು. ಕಿರಣ್‌ಕುಮಾರ್ ಮುಖ ಬಾಡುತ್ತಾ ಬಂತು. ನನ್ನನ್ನು ಪಕ್ಕಕ್ಕೆ ಕರೆದು, ನಿಜವಾಗಿಯೂ ಒಂದೇನಾ ಸರ್ ಎಂದು ಮೆಲ್ಲಗೆ ಕೇಳಿದರು.

‘ಒಂದಕ್ಕಿಂತ ಇನ್ನೇನಾರ ಮೇಲೈತೆ ಅಂದ್ರೆ ಅದ್ನೇ ಬರ್ಕಳಿ ಸಾ’ ಎಂದೆ.

ಅವರು ನಮ್ಮನ್ನು ಬಹಳ ಮರುಕದಿಂದ ನೋಡಿದರು. ನಾವದನ್ನು ಗೌರವವೆಂದುಕೊಂಡೆವು. ಅವರು ಎರಡು ಸಲ ಕಣ್ಣೊರೆಸಿಕೊಂಡಾಗ ಸೊಪ್ಪಿನ ಘಾಟೆಂದುಕೊಂಡೆವು.

ದೊಡ್ಡಬೀರಯ್ಯ ಮಾತ್ರ ಸತ್ಯವಂತ. ಎಲ್ಲದಕ್ಕೂ ಒಂದು ಕೊಟ್ಟವನು ಶೌಚಾಲಯದ ಪ್ರಶ್ನೆ ಬಂದಾಗ ತಲೆ ಕೆರೆದುಕೊಂಡ. ಅಲ್ಲಿ ಬಾಗಿಲಿಗೆ ಚಿಲಕವಿಲ್ಲ. ಒಳಗೆ ಜನವಿದ್ದಾರೆಂದು ಗೊತ್ತಾಗಲು, ಹೋದವರು ಹೊರಬರುವವರೆಗೂ ಜೋರಾಗಿ ಪದ ಹಾಡುತ್ತಿರಬೇಕು. ‘ಕಕ್ಕಸ್ಗೆ ಮಾತ್ರ ಐದಾಕಿ ಸ್ವಾಮಿ, ಸುಳ್ಳೇಳಬಾರ್ದು’ ಎಂದ. ಉಳಿದವರೂ ಹೌದೌದು ಎಂದರು. ಹಾಗಾಗಿ ತಮ್ಮ ವರದಿಯಲ್ಲಿ ಇಡೀ ಆಸ್ಪತ್ರೆಯಲ್ಲಿ ಅತ್ಯುತ್ತಮವಾದದ್ದು ಶೌಚಾಲಯ, ಅತಿ ಕಳಪೆಯಾದದ್ದು ಡಾಕ್ಟರಮ್ಮ.

ಇನ್ನು ವೆಚ್ಚ. ಒಂದು ಭೇಟಿಗೆ ಏನೇನು ಖರ್ಚು ಎಂದು ಕೇಳಿದರೆ, ನಮ್ಮವರು ಒಂದನ್ನೂ ಮುಚ್ಚಿಡಲಿಲ್ಲ. ನಮ್ಮಲ್ಲಿ ಆಸ್ಪತ್ರೆಗೆ ಒಬ್ಬರೇ ಹೋಗುವ ರೂಢಿಯಿಲ್ಲ. ಅತ್ತಿಗೆ ಬರಬೇಕು, ನಾದಿನಿ ಬರಬೇಕು, ಗೂಡ್ಸ್ ಆಟೋ ತುಂಬಬೇಕು. ಹೋದ ಮೇಲೆ ಮಸಾಲೆ ದೋಸೆ ತಿನ್ನಬೇಕು. ಹದಿನಾಲ್ಕರಲ್ಲಿ ಒಬ್ಬಳಾದ ಸೋಮಮ್ಮ ಎರಡು ಡಜನ್ ಬಳೆ, ಒಂದು ಕುಕ್ಕರ್ ರಬ್ಬರ್, ಸೊಸೆಯ ರವಿಕೆಯ ಹೊಲಿಗೆ ಕೂಲಿಯನ್ನೂ ಬರೆಸಿದಳು. ಡಾಕ್ಟರಮ್ಮನ ಮದ್ದು ಪುಕ್ಕಟೆ ಎಂದು ಹೇಳುವುದನ್ನು ಮರೆತಳು, ಯಾಕೆಂದರೆ ಕೇಳಿದ್ದು ಖರ್ಚನ್ನು. ಆ ಬಳೆಗಳನ್ನು ತಮ್ಮ ಕಂಪ್ಯೂಟರು ಯಾವ ಕಾಯಿಲೆಯ ಲೆಕ್ಕಕ್ಕೆ ಸೇರಿಸಿತು?

ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ತಾವು ಓದಿದವರು. ಹದಿನಾಲ್ಕು ಮನೆಯವರು ಒಂದೇ ಉಸಿರಿನಲ್ಲಿ ಡಾಕ್ಟರನ್ನು ಕಳಪೆಯೆಂದು, ಕಕ್ಕಸನ್ನು ಶ್ರೇಷ್ಠವೆಂದು ಹೇಳಿದಾಗ ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಡವೇ? ಅದೇ ವರದಿಯ ಹಿಂದಿನ ಪುಟದಲ್ಲಿ, ಈ ಹದಿನಾಲ್ಕು ಮಂದಿ ಒಂದು ತಿಂಗಳೂ ತಪ್ಪಿಸದೆ ಬಂದಿದ್ದಾರೆಂದು ತಾವೇ ಅಚ್ಚು ಹಾಕಿಸಿದ್ದೀರಿ. ಅಷ್ಟು ಕೆಟ್ಟ ಸೇವೆಗೆ ಅಷ್ಟು ಖರ್ಚು ಮಾಡಿಕೊಂಡು ಯಾಕೆ ಬರುತ್ತಿದ್ದಾರೆ ಎಂದು ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲವೇ? ಅಥವಾ ನಾವು ಶೌಚಾಲಯದಲ್ಲಿ ಪದ ಹೇಳಲಿಕ್ಕೆಂದು ಬರುತ್ತಿದ್ದೇವೆಂದು ತೀರ್ಮಾನಿಸಿದಿರಾ?

ನಿನ್ನೆ ಸಂಜೆ ಕುಳ್ಳಮ್ಮ ವರದಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು, ಐದು ಅಂದರೆ ಮೇಲು, ಒಂದು ಅಂದರೆ ಕೀಳು ಎಂದು ಬಿಡಿಸಿ ಹೇಳಿದರು. ಆಮೇಲೆ ಸೊಪ್ಪಿನ ರಾಶಿಯ ಮೇಲೆ ಕುಸಿದು ಕುಳಿತು, ‘ನೀವೆಲ್ಲಾ ಸೇರ್ಕಂಡು ಡಾಕ್ಟ್ರಮ್ಮನ್ನ ಫೇಲ್ ಮಾಡ್ಬುಟ್ರಲ್ಲಪ್ಪಾ’ ಎಂದರು.

ಆಮೇಲೆ ದೊಡ್ಡಬೀರಯ್ಯ ‘ಕಕ್ಕಸ್ ಪಾಸಾಯ್ತಾ?’ ಎಂದು ಕೇಳಿದ. ಅಷ್ಟೇ. ನಕ್ಕೆವು ನೋಡಿ, ಸೊಪ್ಪಿನ ಧೂಳು ಎದ್ದು ಎಲ್ಲರೂ ಸೀನುವವರೆಗೆ, ಸೀನಿ ಮತ್ತೆ ನಗುವವರೆಗೆ. ಸೋಮಮ್ಮ ನಗುತ್ತಾ ನಗುತ್ತಾ ನನಗೆ ಒಂದು ಹಿಡಿ ಸೊಪ್ಪು ಬೀಸಿದಳು. ಶಿವರುದ್ರಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲು ನಿಲ್ಲಿಸಿದವಳೂ ಅವಳೇ.

‘ಅಂಗಾದ್ರೆ ನಾಳೆ ಆಯಮ್ಮ ಬರಾಕಿಲ್ವಾ?’ ಎಂದಳು.

ಆದರೂ ಈವತ್ತು ಬೆಳಿಗ್ಗೆ ನಾವು ಹೋದೆವು. ಹದಿನಾಲ್ಕೂ ಮಂದಿ, ಜೊತೆಯವರ ಸಮೇತ. ಡಾಕ್ಟರಮ್ಮನ ಕೋಣೆಗೆ ಬೀಗ. ಅದರ ಎದುರಿನ ಬೆಂಚುಗಳಲ್ಲಿ ಎಂದಿನ ಸರದಿಯಲ್ಲೇ ಕುಳಿತೆವು. ಆಗ ಶಿವರುದ್ರಮ್ಮ ಎದ್ದುಹೋಗಿ ದೊಡ್ಡಬೀರಯ್ಯನ ಮುಂದೆ ಕುಳಿತು, ಅಣ್ಣಾ, ನಿದ್ದೆ ಬತ್ತಾ ಅದಾ ಎಂದು ಕೇಳಿದಳು. ಮೂರು ಗಂಟೆ ಅಷ್ಟೆಯ ಎಂದ. ಯಾಕೆಂದು ಕೇಳಿ, ಅವನು ಹೇಳುವುದು ಮುಗಿಯುವವರೆಗೂ ಕುಳಿತಳು. ಆಮೇಲೆ ಪಕ್ಕದವರನ್ನು ಕೇಳಿದಳು. ಊಟ ಸೇರ್ತಾ? ಅಳು ಬಂತಾ? ಹೀಗೆ ಹದಿಮೂರು ಮಂದಿಯನ್ನೂ ಕೇಳಿ ಮುಗಿಸಿ ತನ್ನ ಜಾಗಕ್ಕೆ ಬಂದು ಕುಳಿತಳು. ಅವಳನ್ನು ಯಾರೂ ಕೇಳಿರಲಿಲ್ಲ. ಎರಡು ವರ್ಷ ಅವಳ ಜೊತೆಗೆ ಬಂದಿದ್ದೇನೆ, ಬಾಗಿಲ ಹೊರಗೆ ಕಾದಿದ್ದೇನೆ. ಆ ಪ್ರಶ್ನೆಯನ್ನು ಬಾಯಿ ಬಿಟ್ಟು ನಾನೂ ಒಮ್ಮೆಯೂ ಕೇಳಿರಲಿಲ್ಲ. ಈವತ್ತು ಕೇಳಿದೆ: ನಿನಗೆ ಹೆಂಗದೆ?

‘ಇನ್ನೊಂಬತ್ ದಿನದ್ ಮಾತ್ರೆ ಅದೆ ಕಣ್ರೀ. ಅಲ್ಲೀಗಂಟ ಚೆನ್ನಾಗೇ ಇರ್ತೀನಿ’ ಎಂದಳು.

ಮಾನ್ಯರೇ, ಮುಂದಿನ ಮಂಗಳವಾರಕ್ಕೆ ಏಳು ದಿನವಿದೆ. ಆವತ್ತು ಆ ಬೀಗ ತೆಗೆಸಿ, ಡಾಕ್ಟರಮ್ಮನನ್ನು ಕಳಿಸಿ. ಸಮೀಕ್ಷೆಯನ್ನು ಆಮೇಲೆ ಎಷ್ಟು ಸಲ ಬೇಕಾದರೂ ಮಾಡಿಕೊಳ್ಳಿ.

ಇಂತಿ,
ಎಲೆಯ ಗುಣ ಬಲ್ಲೆನೆಂದು ಮೆರೆದು, ಊರಿನ ಡಾಕ್ಟರಮ್ಮನನ್ನು ಕಳೆದುಕೊಂಡು,
ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿರುವ
ರುದ್ರಸ್ವಾಮಿ